ಗಾಲಿಯ ಮೇಲೊಂದು ಮನೆ: ಕೊಲ್ಲಿ ನಾಡಿನ ಸಂಸಾರ ಪಯಣದ ಹಿನ್ನೋಟ

ನವೆಂಬರ್ ತಿಂಗಳು ಬಂತೆಂದರೆ ದುಬೈ, ಅಬುಧಾಬಿಗಳಲ್ಲಿರುವ ನಮ್ಮವರ ಮನೆಗಳಲ್ಲಿ ಒಂದು ಬಗೆಯ ಗಡಿಬಿಡಿ ಆರಂಭವಾಗುತ್ತದೆ. ಆರು ತಿಂಗಳಿನಿಂದ ಹಗಲಿರುಳು ಓಡುತ್ತಿದ್ದ ಏಸಿಗೆ ವಿಶ್ರಾಂತಿ ಸಿಗುತ್ತದೆ, ಮುಚ್ಚಿದ ಕಿಟಕಿಗಳು ತೆರೆಯುತ್ತವೆ, ಹೊರಗೆ ಹೋಗುವ ಮಾತು ಶುರುವಾಗುತ್ತದೆ. ಹಿಂದೆಲ್ಲ ಈ ಮಾತು ಪಾರ್ಕು, ಕಡಲ ದಂಡೆ, ಹೆಚ್ಚೆಂದರೆ ಡೇರೆಯವರೆಗೆ ಹೋಗಿ ನಿಲ್ಲುತ್ತಿತ್ತು. ಈಚೆಗೆ ಇನ್ನೊಂದು ಬಗೆ ಸೇರಿದೆ. ಅಡುಗೆಮನೆ, ಹಾಸಿಗೆ, ಶೌಚಾಲಯ ಎಲ್ಲವೂ ಒಳಗೇ ಇರುವ ಮೋಟಾರು ಮನೆಯೊಂದನ್ನು ಬಾಡಿಗೆಗೆ ಹಿಡಿದು, ಹೆಂಡತಿ ಮಕ್ಕಳು, ಊರಿನಿಂದ ಬಂದ ಅಪ್ಪ ಅಮ್ಮಂದಿರೊಡನೆ ಹಟ್ಟಾದ ಗುಡ್ಡಗಳಿಗೋ, ಜಬಲ್ ಹಫೀತ್ ಬೆಟ್ಟದ ಬುಡಕ್ಕೋ, ಲಿವಾದ ಮರಳಿಗೋ ಹೊರಡುವುದು.

ಇದನ್ನು ಕಂಡು "ಎಲ್ಲ ಅಮೆರಿಕದವರ ಶೋಕಿ" ಎನ್ನುವವರಿದ್ದಾರೆ. "ಮನೆಯಲ್ಲಿ ಮಲಗಲು ಜಾಗವಿಲ್ಲವೇ, ರಸ್ತೆ ಬದಿಯಲ್ಲಿ ಮಲಗಬೇಕೇ?" ಎಂದು ಕೇಳುವ ಹಿರಿಯರೂ ಇದ್ದಾರೆ. ವಾಹನ ಹೊರಗಿನದು ನಿಜ. ಆದರೆ ಸಂಸಾರ ಸಮೇತ ಮನೆಯನ್ನೇ ಹೊತ್ತು ಹೊರಡುವ ಪದ್ಧತಿ ಈ ನೆಲದ್ದು, ನಮ್ಮ ನೆಲದ್ದೂ ಹೌದು. ನಾವು ಕೂಲಿಗೋ ನೌಕರಿಗೋ ಬಂದು ನೆಲೆಸಿದ ಈ ನಾಡಿನ ಆ ಹಳೆಯ ಕತೆಯನ್ನು ಓದುಗರ ಮುಂದಿಡುವುದು ಈ ಲೇಖನದ ಉದ್ದೇಶ.

ಮನೆ ಹೊತ್ತು ನಡೆದವರು

ಅಬುಧಾಬಿ ಮತ್ತು ದುಬೈ ಎರಡೂ ಊರುಗಳು ಸಂಸಾರಗಳ ಪಯಣದಿಂದಲೇ ಹುಟ್ಟಿದವು. ಬನಿಯಾಸ್ ಬುಡಕಟ್ಟಿನವರ ಮೂಲ ನೆಲೆ ದಕ್ಷಿಣದ ಲಿವಾ. ಅದು ಮರಳು ದಿಬ್ಬಗಳ ನಡುವೆ ಅರ್ಧಚಂದ್ರದಂತೆ ಹಬ್ಬಿರುವ ಖರ್ಜೂರ ತೋಪುಗಳ ಸಾಲು. ಅಬುಧಾಬಿ ದ್ವೀಪದಲ್ಲಿ ಸಿಹಿನೀರು ಸಿಕ್ಕಿದ್ದು 1761ರಲ್ಲಿ ಎಂಬುದು ಇಲ್ಲಿಯ ಪರಂಪರೆಯ ಮಾತು. ಹುಲ್ಲೆಯೊಂದರ ಜಾಡು ಹಿಡಿದು ಹೋದವರಿಗೆ ನೀರು ಕಂಡಿತಂತೆ. ಊರಿನ ಹೆಸರಿನಲ್ಲೂ ಆ ಹುಲ್ಲೆಯೇ ಇದೆ. ಆ ನೀರಿನ ಸುತ್ತ ಲಿವಾದಿಂದ ಬಂದ ಕುಟುಂಬಗಳು ನೆಲೆಸಿದವು. ಮುಂದೆ 1790ರ ದಶಕದಲ್ಲಿ ಅವರ ನಾಯಕರೂ ದ್ವೀಪಕ್ಕೆ ಬಂದರು.

ಅಲ್ಲಿಂದ ನಾಲ್ಕು ದಶಕ ಕಳೆಯುವಷ್ಟರಲ್ಲಿ ಮನೆತನದೊಳಗೆ ವಿರಸ ಹುಟ್ಟಿತು. 1833ರಲ್ಲಿ ಬನಿಯಾಸರ ಅಲ್ ಬು ಫಲಾಸಾ ಎಂಬ ಶಾಖೆಯವರು, ಸುಮಾರು 800 ಮಂದಿ, ಹೆಂಗಸರು ಮಕ್ಕಳು ಸಾಮಾನು ಸರಂಜಾಮು ಸಹಿತ ಅಬುಧಾಬಿಯನ್ನು ಬಿಟ್ಟು ಉತ್ತರಕ್ಕೆ ಹೊರಟರು. ಉಬೈದ್ ಬಿನ್ ಸಯೀದ್ ಮತ್ತು ಮಕ್ತೂಮ್ ಬಿನ್ ಬುತ್ತಿ ಅವರ ಮುಂದಾಳುಗಳು. ಅವರು ಬಂದು ನಿಂತದ್ದು ದುಬೈ ಖಾರಿಯ ದಡದ ಪುಟ್ಟ ಊರಿನಲ್ಲಿ. ಇಂದು ದುಬೈಯನ್ನು ಆಳುತ್ತಿರುವ ಮನೆತನಕ್ಕೆ ಈ ಮಕ್ತೂಮರ ಹೆಸರೇ ಇದೆ. ನಾವು ಈಗ ಒಂದೂವರೆ ಗಂಟೆಯಲ್ಲಿ ಕಾರಿನಲ್ಲಿ ಮುಗಿಸುವ ಸುಮಾರು 140 ಕಿಲೋಮೀಟರ್ ದಾರಿಯ ಮೊದಲ ದೊಡ್ಡ ಸಂಸಾರ ಪಯಣ ಅದು ಎನ್ನಬಹುದು.

ಇವು ಒಮ್ಮೆ ಮಾತ್ರ ನಡೆದ ಪಯಣಗಳು. ಪ್ರತಿ ವರ್ಷವೂ ನಡೆಯುತ್ತಿದ್ದದ್ದು ಬೇರೆ. ಬೇಸಿಗೆ ಏರಿದೊಡನೆ ಕರಾವಳಿಯ ಗಂಡಸರು ಮುತ್ತು ತೆಗೆಯಲು ಹಡಗು ಹತ್ತುತ್ತಿದ್ದರು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಸುಮಾರು ನಾಲ್ಕು ತಿಂಗಳು ಅವರು ಸಮುದ್ರದಲ್ಲೇ. ಇತ್ತ ಹೆಂಗಸರು, ಮಕ್ಕಳು, ಮುದುಕರು ಒಂಟೆ ಬಾಡಿಗೆ ಹಿಡಿದು ಒಳನಾಡಿನ ತೋಪುಗಳಿಗೆ ಹೊರಡುತ್ತಿದ್ದರು. ಬೇಸಿಗೆಗೆ ಅರಬ್ಬಿಯಲ್ಲಿ ಖೈಝ್ ಎಂದು ಹೆಸರು, ಬೇಸಿಗೆ ಕಳೆಯುವ ಜಾಗಕ್ಕೆ ಮಖೀಝ್. ಅಬುಧಾಬಿಯಿಂದ ಅಲ್ ಐನ್‌ಗೆ ಇರುವ ಸುಮಾರು 160 ಕಿಲೋಮೀಟರ್ ದಾರಿಗೆ ಒಂಟೆಯ ನಡಿಗೆಯಲ್ಲಿ ನಾಲ್ಕೈದು ದಿನ ಬೇಕು, ಕೆಲವೊಮ್ಮೆ ವಾರವೇ ಆಗುತ್ತಿತ್ತು. ಬಿಸಿಲು ತಪ್ಪಿಸಲು ರಾತ್ರಿ ಹೊತ್ತು ನಡೆದು ಹಗಲು ತಂಗುವರು. ಅಕ್ಕಿ, ಒಣಮೀನು, ಕಾಫಿ, ಚಾಪೆ, ತೊಗಲಿನ ನೀರಚೀಲ ಎಲ್ಲವೂ ಒಂಟೆಯ ಮೇಲೆ. ತೋಪು ತಲುಪಿದ ಮೇಲೆ ಖರ್ಜೂರದ ಗರಿಯ ಅರೀಶ್ ಗುಡಿಸಲುಗಳಲ್ಲಿ ವಾಸ. ಹಸಿ ಖರ್ಜೂರ ಹಣ್ಣಾಗುವ ಕಾಲವೂ ಅದೇ ಆದ್ದರಿಂದ ಹೊಟ್ಟೆಗೂ ನೆರಳಿಗೂ ಕೊರತೆಯಿಲ್ಲ.

ಇದರಲ್ಲಿ ನಾವು ಗಮನಿಸಬೇಕಾದ ಒಂದು ಅಂಶವಿದೆ. ಈ ಪಯಣಕ್ಕೆ ಮನೆಯ ಯಜಮಾನನೇ ಇರುತ್ತಿರಲಿಲ್ಲ. ದುಡಿಯುವವನು ಒಂದು ಕಡೆ, ಸಂಸಾರ ಇನ್ನೊಂದು ಕಡೆ. ನಮ್ಮಲ್ಲಿ ಅನೇಕರಿಗೆ ಇದು ತೀರ ಪರಿಚಿತವಾದ ಸ್ಥಿತಿ. ಆ ಮಾತಿಗೆ ಮುಂದೆ ಬರುತ್ತೇವೆ.

ನಮ್ಮ ಕೊಲ್ಲಾರಿ ಬಂಡಿ

ಅರಬ್ಬರ ಮಾತಾಯಿತು, ನಮ್ಮವರದು? ಬೆಳಗಾವಿ, ಧಾರವಾಡ, ವಿಜಯಪುರ ಕಡೆಯ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬನದ ಹುಣ್ಣಿಮೆ, ಭಾರತ ಹುಣ್ಣಿಮೆ ಬಂತೆಂದರೆ ಸವದತ್ತಿ ಯಲ್ಲಮ್ಮನ ಗುಡ್ಡಕ್ಕೆ ಚಕ್ಕಡಿಗಳ ಸಾಲು. ಬಂಡಿಗೆ ಬಿದಿರಿನ ಕಮಾನು ಕಟ್ಟಿ, ಮೇಲೆ ಚಾಪೆಯನ್ನೋ ತಾಡಪಾಲನ್ನೋ ಹೊದಿಸಿದರೆ ಅದು ಕೊಲ್ಲಾರಿ ಬಂಡಿ. ಕೆಳಗೆ ಹುಲ್ಲು ಹಾಸಿ ಮೇಲೆ ಕೌದಿ ಹಾಕಿದರೆ ಹಾಸಿಗೆ. ಕಟಕ ರೊಟ್ಟಿ, ಶೇಂಗಾ ಚಟ್ನಿ, ಬುತ್ತಿಯ ಗಂಟು ಒಂದು ಮೂಲೆಯಲ್ಲಿ, ಎತ್ತಿನ ಮೇವು ಬಂಡಿಯ ಹಿಂದೆ, ನೀರಿನ ಕೊಡ ಅಡಿಯಲ್ಲಿ ತೂಗುತ್ತ. ಅಜ್ಜಿಯಿಂದ ತೊಟ್ಟಿಲ ಕೂಸಿನವರೆಗೆ ಎಲ್ಲರೂ ಅದರಲ್ಲೇ. ರಾತ್ರಿ ದಾರಿಯಲ್ಲಿ ಕೊಳ್ಳ ಹರಿದರೆ, ಮೂರು ಕಲ್ಲು ಹೂಡಿದರೆ ಮನೆ ಸಿದ್ಧ. ಮೈಲಾರ ಜಾತ್ರೆಗೂ ಹೀಗೆಯೇ. ಗಾಲಿಯ ಮೇಲಿನ ಮನೆ ಎಂದರೆ ಇದಲ್ಲದೆ ಇನ್ನೇನು? ಇಂಜಿನ್ನಿನ ಬದಲು ಎರಡು ಎತ್ತು, ಅಷ್ಟೇ. ಈಗ ಎತ್ತುಗಳ ಜಾಗಕ್ಕೆ ಬಹುಮಟ್ಟಿಗೆ ಟ್ರ್ಯಾಕ್ಟರ್ ಬಂದಿದೆ. ಆದರೂ ಟ್ರೇಲರಿನ ಮೇಲೆ ಕಮಾನು ಕಟ್ಟಿ ಸಂಸಾರ ಕೂರಿಸಿಕೊಂಡು ಹೋಗುವ ರೂಢಿ ಉಳಿದಿದೆ.

ಉತ್ತರ ಕರ್ನಾಟಕದ ಸಂಚಾರಿ ಕುರುಬರದು ಇನ್ನೂ ಹಳೆಯ ಬಗೆ. ಕುರಿ ಹಿಂಡಿನೊಡನೆ ಕುದುರೆಯ ಬೆನ್ನಿಗೆ ಪಾತ್ರೆ ಪಡಗ, ಕಂಬಳಿ, ಕೋಳಿ, ಕೆಲವೊಮ್ಮೆ ಮಗುವನ್ನೂ ಹೇರಿ ಊರಿಂದೂರಿಗೆ ನಡೆಯುವ ಅವರ ಬದುಕಿಗೂ ಬೆದೂಯಿನ್ ಅರಬ್ಬರ ಬದುಕಿಗೂ ಹೋಲಿಕೆ ಕಾಣುವುದು ಕಷ್ಟವಲ್ಲ.

ದಾರಿ ಬಂದ ಬಗೆ

ಈಗ ಕೊಲ್ಲಿಗೆ ಮರಳೋಣ. ಗಾಲಿ ಉರುಳಬೇಕಾದರೆ ದಾರಿ ಬೇಕು, ಇಲ್ಲಿ ದಾರಿ ಬಂದದ್ದು ತೀರ ಈಚೆಗೆ. ಅಬುಧಾಬಿ ದ್ವೀಪಕ್ಕೂ ಒಳನಾಡಿಗೂ ನಡುವೆ ಇರುವುದು ಮಖ್ತಾ ಎಂಬ ನೀರಿನ ಕೊರಕಲು. ಕಡಲು ಇಳಿದಾಗ ಒಂಟೆಗಳನ್ನು ನೀರಿನಲ್ಲೇ ನಡೆಸಿಕೊಂಡು ದಾಟುತ್ತಿದ್ದರು. ಕಾವಲಿಗೆ ಕಟ್ಟಿದ ಬುರುಜು ಈಗಲೂ ನೀರಿನ ನಡುವೆ ನಿಂತಿದೆ. 1950ರ ದಶಕದ ಮೊದಲಲ್ಲಿ ಅಲ್ಲೊಂದು ಒಡ್ಡು ಬಂತು, 1968ರಲ್ಲಿ ಸೇತುವೆ ಬಂತು. ದುಬೈಯಲ್ಲೂ ಹೀಗೆಯೇ. ದೇರಾದಿಂದ ಬರ್‌ದುಬೈಗೆ ಹೋಗಲು ದೋಣಿ ಹತ್ತಬೇಕು, ಗಾಡಿ ಇದ್ದರೆ ಖಾರಿಯ ತುದಿಯನ್ನು ಸುತ್ತಿಕೊಂಡು ಬರಬೇಕು. 1963ರಲ್ಲಿ ಮಕ್ತೂಮ್ ಸೇತುವೆ ತೆರೆದಾಗ ದಾಟಲು ಸುಂಕ ಕೊಡಬೇಕಿತ್ತು. ಸಾಲಿಕ್ ಸುಂಕ 2007ರಲ್ಲಿ ಬಂದಾಗ ಗೊಣಗಿದವರು ಇದನ್ನು ನೆನೆದು ಸಮಾಧಾನ ಪಡಬಹುದು.

ಎರಡು ಊರುಗಳ ನಡುವೆ ಡಾಂಬರು ಬೀಳುವ ಮೊದಲು ಲ್ಯಾಂಡ್ ರೋವರ್‌ಗಳು ಕಡಲ ದಂಡೆಯ ಗುಂಟ, ಮರಳಿನ ಮೇಲೆ, ಸಬ್ಖಾದ ಮೇಲೆ ಹೋಗುತ್ತಿದ್ದವು. ಸಬ್ಖಾ ಎಂದರೆ ಉಪ್ಪುಗಟ್ಟಿದ ಬಯಲು. ಮೇಲಿನ ಪದರ ಗಟ್ಟಿ ನೆಲದಂತೆ ಕಾಣುತ್ತದೆ, ಅಡಿಯಲ್ಲಿ ಕೆಸರು. ಮಳೆ ಬಿದ್ದರೆ, ಭರತ ಏರಿದರೆ ಗಾಲಿ ಅಚ್ಚಿನವರೆಗೆ ಹೂತುಹೋಗುವುದು. ಲೋಕದ ಭೂವಿಜ್ಞಾನಿಗಳೆಲ್ಲ ಇಂಥ ನೆಲಕ್ಕೆ ಈ ಅರಬ್ಬಿ ಹೆಸರನ್ನೇ ಬಳಸುತ್ತಾರೆ. ಅಬುಧಾಬಿಯ ಕರಾವಳಿಯೇ ಅವರಿಗೆ ಅದರ ಮಾದರಿ. ಅಂಥ ದಾರಿಯಲ್ಲಿ ಹೆಂಡತಿ ಮಕ್ಕಳನ್ನು ಕರೆದುಕೊಂಡು ಸುತ್ತಾಡಲು ಯಾರಿಗೆ ಧೈರ್ಯ ಬಂದೀತು?

ಎಣ್ಣೆ ಬಂತು, ಎಲ್ಲವೂ ಬದಲಾಯಿತು. ಅಬುಧಾಬಿಯಲ್ಲಿ 1958ರಲ್ಲಿ ಎಣ್ಣೆ ಸಿಕ್ಕಿತು, 1962ರಲ್ಲಿ ಮೊದಲ ಹಡಗು ಹೊರಟಿತು. ದುಬೈಯಲ್ಲಿ 1966ರಲ್ಲಿ ಸಿಕ್ಕಿತು, 1969ರಲ್ಲಿ ರಫ್ತಾಯಿತು. 1966ರ ಆಗಸ್ಟ್ 6ರಂದು ಶೇಖ್ ಝಾಯೆದ್ ಅಬುಧಾಬಿಯ ಆಡಳಿತ ವಹಿಸಿದ ಮೇಲೆ ರಸ್ತೆಗಳ ಕೆಲಸ ಭರದಿಂದ ನಡೆಯಿತು. ಎಡಗಡೆ ಓಡುತ್ತಿದ್ದ ಅಬುಧಾಬಿಯ ವಾಹನಗಳು ಬಲಕ್ಕೆ ತಿರುಗಿದ್ದೂ ಅದೇ ವರ್ಷ. ಅಲ್ಲಿಯವರೆಗೆ ಇಲ್ಲಿ ಚಲಾವಣೆಯಲ್ಲಿದ್ದದ್ದು ರೂಪಾಯಿಯೇ. 1959ರಿಂದ ರಿಸರ್ವ್ ಬ್ಯಾಂಕ್ ಕೊಲ್ಲಿಗೆಂದೇ ಬೇರೆ ನೋಟು ಅಚ್ಚು ಹಾಕುತ್ತಿತ್ತು. 1966ರ ಜೂನ್‌ನಲ್ಲಿ ರೂಪಾಯಿಯ ಬೆಲೆ ಇಳಿಸಿದಾಗ ಇಲ್ಲಿಯ ಆಡಳಿತಗಳು ಅದನ್ನು ಕೈಬಿಟ್ಟವು. ಸಂಸ್ಥಾನಗಳು ಒಂದಾದದ್ದು 1971ರ ಡಿಸೆಂಬರ್ 2ರಂದು, ದಿರ್ಹಂ ಬಂದದ್ದು 1973ರ ಮೇ ತಿಂಗಳಲ್ಲಿ. 1970ರ ದಶಕದಲ್ಲಿ ದುಬೈ, ಅಬುಧಾಬಿ, ಅಲ್ ಐನ್ ಮೂರೂ ಡಾಂಬರಿನಿಂದ ಬೆಸೆದುಕೊಂಡವು. ವಾರ ಹಿಡಿಯುತ್ತಿದ್ದ ಮಖೀಝ್ ದಾರಿ ಎರಡು ಗಂಟೆಯೊಳಗಿನ ಮಾತಾಯಿತು. ಏಸಿ ಬಂದ ಮೇಲೆ ಬೇಸಿಗೆಯಲ್ಲಿ ಊರು ಬಿಡುವ ಅಗತ್ಯವೂ ಉಳಿಯಲಿಲ್ಲ. ಆದರೆ ಹೊರಡುವ ಚಪಲ ಹೋಗಲಿಲ್ಲ. ಈ ನಾಡಿನ ಅರಬ್ಬರು ಇಂದಿಗೂ ಚಳಿಗಾಲದಲ್ಲಿ ಡೇರೆ, ಜನರೇಟರ್, ಅಡುಗೆಯವರೊಡನೆ ಮರುಭೂಮಿಗೆ ಹೋಗಿ ವಾರಗಟ್ಟಲೆ ಇರುತ್ತಾರೆ. ಹಿಂದೆ ಸೆಖೆಗೆ ಹೆದರಿ ಹೊರಡುತ್ತಿದ್ದರು, ಈಗ ಚಳಿಯ ಸುಖಕ್ಕೆ ಹೊರಡುತ್ತಾರೆ.

ಒಂದು ಪದದ ಪ್ರವಾಸ

ಕ್ಯಾರವಾನ್ ಎಂಬ ಪದ ಮೂಲತಃ ಪಾರಸಿಯ ಕಾರವಾನ್, ಅಂದರೆ ಒಟ್ಟಾಗಿ ಹೊರಟ ಪಯಣಿಗರ ಸಾಲು. ಅದು ಯುರೋಪಿಗೆ ಹೋಗಿ, ಇಂಗ್ಲಿಷಿನಲ್ಲಿ ಗಾಲಿಯ ಮೇಲಿನ ಮನೆಗೆ ಹೆಸರಾಯಿತು. ವಿಹಾರಕ್ಕೆಂದೇ ಕಟ್ಟಿಸಿದ ಇಂಥ ಮನೆಗಳಲ್ಲಿ ಮೊದಲನೆಯದೆಂದು ಹೆಸರಾದದ್ದು ಸ್ಕಾಟ್ಲೆಂಡ್ ಮೂಲದ ವೈದ್ಯ, ಲೇಖಕ ಗಾರ್ಡನ್ ಸ್ಟೇಬಲ್ಸ್ 1885ರಲ್ಲಿ ಮಾಡಿಸಿದ 'ವಾಂಡರರ್'. ಅದನ್ನು ಎಳೆಯುತ್ತಿದ್ದದ್ದು ಕುದುರೆಗಳು, ಜೊತೆಗಿದ್ದವರಲ್ಲಿ ಒಂದು ನಾಯಿ, ಒಂದು ಗಿಳಿ. ಮುಂದೆ ಜರ್ಮನಿಯಲ್ಲಿ 1951ರಲ್ಲಿ ಫೋಕ್ಸ್‌ವ್ಯಾಗನ್ ವ್ಯಾನಿನೊಳಗೆ ಹಾಸಿಗೆ, ಅಡುಗೆ ಕಟ್ಟೆ ಜೋಡಿಸಿದರು. ಅಮೆರಿಕದಲ್ಲಿ 1966ರಿಂದ ವಿನೆಬೇಗೊ ಕಂಪನಿಯ ಮೋಟಾರು ಮನೆಗಳು ಮಧ್ಯಮ ವರ್ಗದವರ ಕೈಗೂ ಎಟುಕಿದವು. ಹೀಗೆ ಲೋಕ ಸುತ್ತಿದ ಪದ ಗಾಲಿ ಕಟ್ಟಿಕೊಂಡು ಒಂಟೆಗಳ ನಾಡಿಗೇ ಮರಳಿತು.

ಮರಳಿದ್ದು ಸಾಮಾನ್ಯವಾಗಿಯೇನೂ ಅಲ್ಲ. ಅಬುಧಾಬಿ ರಾಜಮನೆತನದ ಶೇಖ್ ಹಮದ್ ಬಿನ್ ಹಮದಾನ್ ಅಲ್ ನಹ್ಯಾನ್ ಅವರಿಗಾಗಿ 1990ರಲ್ಲಿ ಕಟ್ಟಿದ ಕ್ಯಾರವಾನ್ ಲೋಕದಲ್ಲೇ ಅತಿ ದೊಡ್ಡದೆಂದು ಗಿನ್ನೆಸ್ ಪುಸ್ತಕ ಸೇರಿತು. ಐದು ಅಂತಸ್ತು, 20 ಮೀಟರ್ ಉದ್ದ, 12 ಮೀಟರ್ ಅಗಲ, 120 ಟನ್ ತೂಕ. ಎಂಟು ಮಲಗುವ ಕೋಣೆ, ಎಂಟು ಸ್ನಾನದ ಮನೆ, ನಾಲ್ಕು ಗ್ಯಾರೇಜು, 24,000 ಲೀಟರ್ ನೀರಿನ ತೊಟ್ಟಿ! ಒಂಟೆಯ ಬೆನ್ನಿನ ತೊಗಲ ಚೀಲದಿಂದ ಈ ತೊಟ್ಟಿಯವರೆಗಿನ ದೂರವನ್ನು ಈ ನಾಡು ಒಂದೆರಡು ತಲೆಮಾರಿನಲ್ಲಿ ಕ್ರಮಿಸಿತು.

ಇನ್ನೊಂದು ಕ್ಯಾರವಾನ್

ಆದರೆ ನಮ್ಮ ಹಿರಿಯರನ್ನು ಕೇಳಿದರೆ ಕ್ಯಾರವಾನ್ ಎಂಬ ಪದ ಅವರಿಗೆ ಬೇರೆಯದನ್ನೇ ನೆನಪಿಸುತ್ತದೆ. ಇಲ್ಲಿ ಕಟ್ಟಡದ ಸೈಟುಗಳಲ್ಲಿ ನಿಲ್ಲಿಸುವ ತಗಡಿನ ಕೋಣೆಗೂ ಕ್ಯಾರವಾನ್ ಎಂದೇ ಹೆಸರು. ಲಾರಿಯಲ್ಲಿ ಹೇರಿ ತರುವುದು, ಕೆಲಸ ಮುಗಿದ ಮೇಲೆ ಹೇರಿ ಒಯ್ಯುವುದು. ಒಂದರ ಮೇಲೊಂದು ಮಂಚ, ಗೋಡೆಗೆ ಮೊಳೆ, ಮೊಳೆಗೆ ಅಂಗಿ, ಮಂಚದಡಿಯಲ್ಲಿ ಊರಿನ ಪೆಟ್ಟಿಗೆ. ನಮ್ಮ ಕರಾವಳಿಯಿಂದ, ಬಯಲು ಸೀಮೆಯಿಂದ ಬಂದ ಎಷ್ಟೋ ಮಂದಿ ಮೊದಲ ವರ್ಷಗಳನ್ನು ಕಳೆದದ್ದು ಇಂಥ ಮನೆಗಳಲ್ಲಿ. ಆ ಮನೆಯೂ ಚಲಿಸುತ್ತಿತ್ತು. ಆದರೆ ಅದರೊಳಗೆ ಸಂಸಾರವಿರಲಿಲ್ಲ.

ಬಂದದ್ದಾದರೂ ಹೇಗೆ? ಬೊಂಬಾಯಿಯಿಂದ ಬ್ರಿಟಿಷ್ ಇಂಡಿಯಾ ಕಂಪನಿಯ ಹಡಗಿನಲ್ಲಿ, ಡೆಕ್ಕಿನ ಮೇಲೆ ಚಾಪೆ ಹಾಸಿ. ಅದೇ ಕಂಪನಿಯ 'ದಾರಾ' ಹಡಗು 1961ರ ಏಪ್ರಿಲ್ 8ರಂದು ದುಬೈ ಬಳಿ ಸ್ಫೋಟಗೊಂಡು 238 ಮಂದಿ ತೀರಿಹೋದರು. 'ದ್ವಾರಕಾ' ಹಡಗು 1982ರವರೆಗೂ ಓಡಿತು. ಆಮೇಲಿನವರು ವಿಮಾನದಲ್ಲಿ ಬಂದರೂ ಮಂಗಳೂರಿನವರು ಬೊಂಬಾಯಿಗೋ ಇನ್ನೊಂದು ಊರಿಗೋ ಹೋಗಿಯೇ ಹತ್ತಬೇಕಿತ್ತು. ಮಂಗಳೂರಿನಿಂದ ದುಬೈಗೆ ನೇರ ವಿಮಾನ ಆರಂಭವಾದದ್ದು 2006ರ ಅಕ್ಟೋಬರ್‌ನಲ್ಲಿ. ಅಲ್ಲಿಯವರೆಗೆ ಎರಡು ವರ್ಷಕ್ಕೊಮ್ಮೆ ಊರಿಗೆ ಹೋಗಿ, ಬೆಳೆದು ನಿಂತ ಮಗುವಿಗೆ "ಇವರು ನಿನ್ನ ಅಪ್ಪ" ಎಂದು ಯಾರೋ ಪರಿಚಯಿಸಬೇಕಾದ ಸ್ಥಿತಿಯಲ್ಲಿದ್ದವರು ನಮ್ಮ ನಡುವೆಯೇ ಇದ್ದಾರೆ.

ಇಲ್ಲಿ ಸಂಸಾರ ತರುವುದು ಮನಸ್ಸಿನ ಮಾತಲ್ಲ, ಸಂಬಳದ ಮಾತು. ಎಷ್ಟೋ ವರ್ಷ ವೃತ್ತಿಯ ಹೆಸರೂ ಅಡ್ಡ ಬರುತ್ತಿತ್ತು. 2019ರಲ್ಲಿ ನಿಯಮ ಬದಲಾಗಿ, ವೃತ್ತಿಯ ಬದಲು ವರಮಾನವೇ ಆಧಾರವಾಯಿತು: ತಿಂಗಳಿಗೆ 4000 ದಿರ್ಹಂ, ಇಲ್ಲವೇ 3000 ದಿರ್ಹಂ ಮತ್ತು ಕಂಪನಿಯ ವಸತಿ. ನಿಯಮ ಸಡಿಲವಾಯಿತೆಂದು ಎಲ್ಲರಿಗೂ ದಕ್ಕಿತೆಂದಲ್ಲ. ಬಾಡಿಗೆ, ಶಾಲೆಯ ಶುಲ್ಕ ಲೆಕ್ಕ ಹಾಕಿದವರು ಮತ್ತೆ ಒಂಟಿಯಾಗಿಯೇ ಉಳಿದರು. ಮುತ್ತಿನ ಕಾಲದ ಅರಬ್ಬರಿಗೆ ನಾಲ್ಕು ತಿಂಗಳ ಅಗಲಿಕೆ. ನಮ್ಮವರಿಗೆ ಅದು ಕೆಲವೊಮ್ಮೆ ಒಂದು ಇಡೀ ನೌಕರಿಯ ಕಾಲ.

ಆದ್ದರಿಂದಲೇ ಹೇಳುತ್ತೇವೆ, ಮೋಟಾರು ಮನೆಯೊಂದು ನಮ್ಮವರ ಕಟ್ಟಡದ ಮುಂದೆ ನಿಂತಾಗ ನೋಡಬೇಕಾದದ್ದು ಅದರ ಫ್ರಿಜ್ಜನ್ನಲ್ಲ, ಒಲೆಯನ್ನಲ್ಲ. ಅಪ್ಪ, ಅಮ್ಮ, ಮಕ್ಕಳು, ಸಾಧ್ಯವಾದರೆ ಅಜ್ಜಿ ಅಜ್ಜ ಒಂದೇ ಗಾಡಿಯಲ್ಲಿ ಕುಳಿತಿದ್ದಾರೆ ಎಂಬುದನ್ನು. ಕಳೆದ ಅರುವತ್ತು ವರ್ಷಗಳಲ್ಲಿ ಇಲ್ಲಿಗೆ ಬಂದ ನಮ್ಮವರಲ್ಲಿ ಹೆಚ್ಚಿನವರಿಗೆ ದಕ್ಕದೆ ಹೋದದ್ದು ಅದೇ.

ಹೊರಡುವವರಿಗೆ ನಾಲ್ಕು ಮಾತು

ಹೊರಡುವ ಆಸೆಯಿದ್ದವರಿಗೆ ಕೆಲವು ಸೂಚನೆಗಳು. ಮೋಟಾರು ಮನೆ ಡಾಂಬರಿನ ಗಾಡಿ. ಮರಳಿಗೆ ಇಳಿಸುವ ಸಾಹಸ ಬೇಡ, ಸಬ್ಖಾ ಕಂಡರಂತೂ ದೂರದಿಂದಲೇ ನಮಸ್ಕಾರ. ಭಾರವಾದ ಸಾಮಾನು ತಳದಲ್ಲಿ, ಅಚ್ಚಿನ ಹತ್ತಿರ ಇರಲಿ; ಮೇಲಿನ ಕಪಾಟಿನಲ್ಲಿ ಕುಕ್ಕರ್ ಇಟ್ಟರೆ ಮೊದಲ ವೃತ್ತದಲ್ಲೇ ಅದು ಕೆಳಗಿಳಿಯುತ್ತದೆ. ಗಾಡಿ ಎತ್ತರವಾಗಿರುವುದರಿಂದ ಬದಿಗಾಳಿಗೆ ಓಲಾಡುತ್ತದೆ, ನಿಧಾನವೇ ಕ್ಷೇಮ. ನೀರಿನ ತೊಟ್ಟಿ ತುಂಬಿಸಿದಷ್ಟೇ ಮುಖ್ಯ, ಬಳಸಿದ ನೀರನ್ನು ಕಂಡಲ್ಲಿ ಚೆಲ್ಲದಿರುವುದು. ಹಟ್ಟಾದ ಕಡೆ ಹೋಗುವವರು ಒಣಗಿದ ವಾದಿಯಲ್ಲಿ ಗಾಡಿ ನಿಲ್ಲಿಸಬಾರದು. ದೂರದ ಗುಡ್ಡದಲ್ಲಿ ಮಳೆ ಬಿದ್ದರೆ ನಿಮ್ಮ ತಲೆಯ ಮೇಲೆ ಆಕಾಶ ನಿರ್ಮಲವಾಗಿದ್ದರೂ ನೀರು ನುಗ್ಗುತ್ತದೆ. 2024ರ ಏಪ್ರಿಲ್ 16ರ ಮಳೆಯನ್ನು ಯಾರೂ ಮರೆತಿಲ್ಲ. ಅಲ್ ಐನ್ ಬಳಿಯ ಖತ್ಮ್ ಅಲ್ ಶಕ್ಲಾದಲ್ಲಿ 24 ಗಂಟೆಯೊಳಗೆ 254 ಮಿಲಿಮೀಟರ್ ಸುರಿದಿತ್ತು.

ಮೊದಲ ಸಲ ಹೊರಡುವವರಿಗೆ ನಮ್ಮ ಸಲಹೆ ಲಿವಾ. ಅಬುಧಾಬಿಯಿಂದ ಒಳ್ಳೆಯ ರಸ್ತೆ, ಕೊನೆಯಲ್ಲಿ ಸುಮಾರು 300 ಮೀಟರ್ ಎತ್ತರದ ತಲ್ ಮುರೀಬ್ ದಿಬ್ಬ. ದಾರಿಯಲ್ಲಿ ಮಕ್ಕಳಿಗೆ ಹೇಳಿ: ನಾವು ಹೋಗುತ್ತಿರುವುದು ಈ ಊರಿನವರ ತವರಿಗೆ. 1761ರಲ್ಲಿ ಅವರು ಬಂದ ದಿಕ್ಕಿಗೆ ನಾವು ಎದುರಾಗಿ ಹೋಗುತ್ತಿದ್ದೇವೆ. ಮಖ್ತಾ ಸೇತುವೆ ದಾಟುವಾಗ ನೀರಿನ ನಡುವಿನ ಬುರುಜನ್ನು ತೋರಿಸಿ. ನಮ್ಮ ಮಕ್ಕಳಿಗೆ ಈ ನಾಡೆಂದರೆ ಶಾಲೆಯ ಬಸ್ಸು, ಮಾಲು, ವಿಮಾನ ನಿಲ್ದಾಣ. ಹುಟ್ಟಿ ಬೆಳೆದ ನೆಲದ ಕತೆ ಅವರಿಗೆ ಗೊತ್ತಿಲ್ಲ, ಊರಿನ ಕೊಲ್ಲಾರಿ ಬಂಡಿಯನ್ನು ಅವರು ಕಂಡಿಲ್ಲ. ಎರಡನ್ನೂ ಹೇಳಲು ಮೂರು ದಿನದ ಗಾಡಿ ಪಯಣಕ್ಕಿಂತ ಒಳ್ಳೆಯ ಅವಕಾಶ ಸಿಗದು. ಮೊಬೈಲಿಗೆ ಸಿಗ್ನಲ್ ಸಿಗದ ಜಾಗದಲ್ಲಿ ಮಕ್ಕಳು ಕತೆ ಕೇಳುತ್ತಾರೆ!

ಇನ್ನೊಂದು ಮಾತು. ಗಾಡಿಯಲ್ಲಿ ಒಂದು ಸೀಟು ಖಾಲಿಯಿದ್ದರೆ, ಸಂಸಾರ ಊರಿನಲ್ಲಿ ಬಿಟ್ಟು ಇಲ್ಲಿ ಒಂಟಿಯಾಗಿರುವ ನಮ್ಮವರೊಬ್ಬರನ್ನು ಕರೆದುಕೊಂಡು ಹೋಗಿ. ಪ್ರತಿ ಕಟ್ಟಡದಲ್ಲೂ ಅಂಥವರು ಒಬ್ಬರಾದರೂ ಇರುತ್ತಾರೆ. ಅವರ ಕೈಯ ಸಾರಿನ ರುಚಿ ನಿಮಗೂ ಸಿಕ್ಕೀತು.

ಹಡಗಿನಲ್ಲಿ ಬಂದವರು, ಸಬ್ಖಾದಲ್ಲಿ ಗಾಡಿ ಹೂತವರು, ಸೈಟಿನ ಕ್ಯಾರವಾನಿನಲ್ಲಿ ವರ್ಷಗಟ್ಟಲೆ ಮಲಗಿದವರು ನಮ್ಮ ನಡುವೆ ಇನ್ನೂ ಕೆಲವರಿದ್ದಾರೆ, ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ನಿವೃತ್ತರಾಗಿ ಊರಿಗೆ ಮರಳಿದ ಮೇಲೆ ಅವರ ನೆನಪುಗಳೂ ಅವರೊಡನೆ ಹೋಗುತ್ತವೆ. ಅಂಥ ಹಿರಿಯರು ತಮ್ಮ ಮೊದಲ ಪಯಣದ ಬಗ್ಗೆ ಎರಡು ಪುಟ ಬರೆದು ಕೊಟ್ಟರೆ ಮುಂದಿನ ಸಂಚಿಕೆಗಳಲ್ಲಿ ಸಂತೋಷದಿಂದ ಪ್ರಕಟಿಸುತ್ತೇವೆ. ಬರೆಯಲು ಆಗದವರು ಹೇಳಿದರೆ ಸಾಕು, ಬರೆದುಕೊಳ್ಳಲು ನಾವು ಬರುತ್ತೇವೆ.